ಯಂತ್ರ ಊಹಿಸುವುದಿಲ್ಲ: ಪೈಥಾನ್ ಕಲಿಕೆಯ ಮೊದಲ ತೊಡಕುಗಳು



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಶಾಸನ, ಸಂಸ್ಕೃತಿಯಂಥ ವಿಷಯಗಳೇ ನಮ್ಮಲ್ಲಿ ಹೆಚ್ಚು. ಕಂಪ್ಯೂಟರ್ ಭಾಷೆಯೊಂದನ್ನು ಕಲಿಯುವಾಗ ಎದುರಾಗುವ ಕಷ್ಟಗಳ ಬಗ್ಗೆ ಕನ್ನಡದಲ್ಲಿ ಮಾತಾಡಿ ಎಂದು ನೀವು ಕರೆದಿದ್ದೀರಿ. ಇದಕ್ಕಾಗಿ ದತ್ತಿ ಸಮಿತಿಗೆ ಕೃತಜ್ಞನಾಗಿದ್ದೇನೆ. ಪ್ರೋಗ್ರಾಮಿಂಗ್ ಕಲಿಯುವ ನಮ್ಮ ಮಕ್ಕಳು ಯೋಚಿಸುವುದು ಕನ್ನಡದಲ್ಲಿ. ಎಡವಿದಾಗ ಪಕ್ಕದವರನ್ನು ಕೇಳುವುದೂ ಕನ್ನಡದಲ್ಲಿಯೇ. ಹಾಗಿದ್ದಮೇಲೆ ಆ ಎಡವುವಿಕೆಯ ಚರ್ಚೆಯೂ ಕನ್ನಡದಲ್ಲಿ ನಡೆಯಬೇಕು.

ಉಪನ್ಯಾಸದ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಇಲ್ಲಿ ಪೈಥಾನ್ ಕಲಿಸಲು ಹೊರಟಿಲ್ಲ. ಯಾವ ಕೋರ್ಸ್ ಒಳ್ಳೆಯದು, ಯಾವುದಕ್ಕೆ ಕೆಲಸ ಸಿಗುತ್ತದೆ ಎಂಬ ಪ್ರಶ್ನೆಗಳನ್ನೂ ಮುಟ್ಟುವುದಿಲ್ಲ. ಹೊಸಬರು ಎಡವುವುದು ಎಲ್ಲಿ, ಯಾಕೆ ಎಂಬುದಷ್ಟೇ ನನ್ನ ವಿಷಯ. ಮೊದಲು, ಯಂತ್ರ ಒಳಗೆ ಏನು ಮಾಡುತ್ತಿದೆ ಎಂಬ ಚಿತ್ರ ಇಲ್ಲದೆ ಆಗುವ ತೊಡಕು. ಎರಡನೆಯದು, ಯಂತ್ರ ಕೊಡುವ ದೋಷಸೂಚನೆಯನ್ನು ಓದಲು ಬಾರದೆ ಆಗುವ ತೊಡಕು. ಮೂರನೆಯದು, ಕನ್ನಡ ಪಠ್ಯವನ್ನು ಪೈಥಾನ್‌ಗೆ ಕೊಟ್ಟಾಗ ಕನ್ನಡದವರಿಗೇ ವಿಶೇಷವಾಗಿ ಕಾಡುವ ತೊಡಕು. ಕೊನೆಗೆ ನಮ್ಮ ತರಗತಿ, ಲ್ಯಾಬುಗಳ ಬಗ್ಗೆ ಒಂದೆರಡು ಮಾತು.

ಪೈಥಾನ್ ಹುಟ್ಟಿನ ಕಥೆಯನ್ನು ಚುಟುಕಾಗಿ ನೆನೆಯೋಣ. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಿಡಬ್ಲ್ಯುಐ ಎಂಬ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದ ಸಂಶೋಧನಾ ಸಂಸ್ಥೆಯಿದೆ. ಅಲ್ಲಿದ್ದ ಗೀಡೊ ವಾನ್ ರೋಸಮ್ 1989ರ ಡಿಸೆಂಬರ್‌ನಲ್ಲಿ ಈ ಭಾಷೆಯ ಕೆಲಸ ಶುರುಮಾಡಿದರು. 1991ರ ಫೆಬ್ರವರಿಯಲ್ಲಿ ಅದು ಮೊದಲು ಹೊರಬಂತು. ಹೆಸರು ಹಾವಿನಿಂದ ಬಂದದ್ದಲ್ಲ, ಬಿಬಿಸಿಯ 'ಮಾಂಟಿ ಪೈಥಾನ್' ಹಾಸ್ಯ ಕಾರ್ಯಕ್ರಮದಿಂದ ಬಂದದ್ದು. ಅದೇ ಸಂಸ್ಥೆಯಲ್ಲಿ ಅದಕ್ಕೂ ಮೊದಲು ಎಬಿಸಿ ಎಂಬ ಭಾಷೆಯನ್ನು ರೂಪಿಸಿದ್ದರು. ಕಂಪ್ಯೂಟರ್ ತಜ್ಞರಲ್ಲದವರೂ ಬಳಸುವಂತಿರಬೇಕು ಎಂಬುದು ಅದರ ಉದ್ದೇಶವಾಗಿತ್ತು. ಸಾಲುಗಳನ್ನು ಒಳಕ್ಕೆ ಸರಿಸಿ ಬರೆದು ಗುಂಪು ತೋರಿಸುವ ಪದ್ಧತಿ ಪೈಥಾನ್‌ಗೆ ಬಂದದ್ದು ಎಬಿಸಿಯಿಂದಲೇ. 1999ರಲ್ಲಿ ಗೀಡೊ ಅಮೆರಿಕದಲ್ಲಿದ್ದಾಗ 'ಎಲ್ಲರಿಗೂ ಪ್ರೋಗ್ರಾಮಿಂಗ್' ಎಂಬ ಆಶಯದ ಯೋಜನೆಯೊಂದನ್ನು ಮುಂದಿಟ್ಟರು. ಇಂದು ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಕಂಪ್ಯೂಟರ್ ವಿಜ್ಞಾನ ಪುಸ್ತಕಗಳು ಪೈಥಾನ್ ಕಲಿಸುತ್ತವೆ.

ಹೀಗೆ ಹೊಸಬರನ್ನು ನೆನಪಿನಲ್ಲಿಟ್ಟುಕೊಂಡೇ ಬೆಳೆದ ಭಾಷೆಯಲ್ಲೂ ಹೊಸಬರು ಯಾಕೆ ಎಡವುತ್ತಾರೆ? ಇದು ಪೈಥಾನ್‌ನ ಕೊರತೆಯಲ್ಲ ಎನ್ನಲು ಆಧಾರವಿದೆ. 2001ರಲ್ಲಿ ಮೈಕೆಲ್ ಮೆಕ್ರಾಕೆನ್ ಮತ್ತು ಸಂಗಡಿಗರು ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಪ್ರೋಗ್ರಾಮಿಂಗ್‌ನ ಆರಂಭದ ಪಾಠ ಮುಗಿಸಿದ 216 ವಿದ್ಯಾರ್ಥಿಗಳಿಗೆ ಸರಳವೆನ್ನಬಹುದಾದ ಲೆಕ್ಕಗಳನ್ನು ಕೊಟ್ಟರು. 110 ಅಂಕಗಳಿಗೆ ಬಂದ ಸರಾಸರಿ 22.89. ಅವರು ಕಲಿತಿದ್ದದ್ದು ಬೇರೆ ಭಾಷೆಗಳನ್ನು; ತೊಡಕು ಮಾತ್ರ ನಮ್ಮ ಮಕ್ಕಳದ್ದೇ. ಆದ್ದರಿಂದ "ನನಗೆ ತಲೆ ಓಡುವುದಿಲ್ಲ ಸರ್" ಎಂದು ಮೊದಲ ತಿಂಗಳಲ್ಲೇ ಕೈಚೆಲ್ಲುವ ವಿದ್ಯಾರ್ಥಿಗೆ ನಾನು ಹೇಳುವುದು ಇಷ್ಟು: ಇದು ನಿನ್ನೊಬ್ಬನ ಕಷ್ಟವಲ್ಲ, ಜಗತ್ತಿನ ಒಳ್ಳೊಳ್ಳೆಯ ವಿಶ್ವವಿದ್ಯಾಲಯಗಳು ತಲೆಕೆಡಿಸಿಕೊಂಡಿರುವ ಕಷ್ಟ.

ಈಗ ಮೊದಲನೆಯ ತೊಡಕಿಗೆ ಬರುತ್ತೇನೆ.

ಒಂದು ಚಿಕ್ಕ ಪ್ರೋಗ್ರಾಮನ್ನು ನಿಮ್ಮ ಮುಂದಿಡುತ್ತೇನೆ. ಹಾಲಿನ ಡೈರಿಯ ಲೆಕ್ಕ. ಎಷ್ಟು ಲೀಟರ್ ಎಂದು ಕೇಳಬೇಕು, ಲೀಟರಿಗೆ 35 ರೂಪಾಯಿಯಂತೆ ಹಣ ಎಷ್ಟೆಂದು ತೋರಿಸಬೇಕು. ವಿದ್ಯಾರ್ಥಿನಿ ಮೂರು ಸಾಲು ಬರೆಯುತ್ತಾಳೆ. ಮೊದಲ ಸಾಲಿನಲ್ಲಿ 'ಇನ್‌ಪುಟ್' ಬಳಸಿ ಕೀಲಿಮಣೆಯಿಂದ ಬಂದದ್ದನ್ನು 'ಲೀಟರ್' ಎಂಬ ಹೆಸರಿಗೆ ಕೊಡುತ್ತಾಳೆ. ಎರಡನೆಯದರಲ್ಲಿ ಹಣ = ಲೀಟರ್ * 35. ಮೂರನೆಯದರಲ್ಲಿ 'ಪ್ರಿಂಟ್' ಬಳಸಿ ಹಣವನ್ನು ಮುದ್ರಿಸುತ್ತಾಳೆ. ಓಡಿಸಿ 5 ಎಂದು ಒತ್ತಿದರೆ 175 ಬರಬೇಕು. ಪರದೆಯ ಮೇಲೆ ಬರುವುದು ಸಾಲುಗಟ್ಟಿದ ಐದುಗಳು: 5555555 ಎಂದು ಮುಂದುವರಿಯುತ್ತ ಒಟ್ಟು 35 ಐದುಗಳು.

ಗಮನಿಸಿ, ಇಲ್ಲಿ ಯಾವ ದೋಷಸೂಚನೆಯೂ ಬರಲಿಲ್ಲ. ಯಂತ್ರದ ಮಟ್ಟಿಗೆ ಎಲ್ಲವೂ ಸರಿಯಾಗಿದೆ. ಪೈಥಾನ್ 3ರಲ್ಲಿ ಕೀಲಿಮಣೆಯಿಂದ ಬರುವುದೆಲ್ಲ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಸ್ಟ್ರಿಂಗನ್ನು ಸಂಖ್ಯೆಯಿಂದ ಗುಣಿಸಿದರೆ ಅದನ್ನು ಅಷ್ಟು ಸಲ ಮತ್ತೆ ಮತ್ತೆ ಬರೆ ಎಂದು ಅರ್ಥ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡಿದೆ. ವಿದ್ಯಾರ್ಥಿನಿ ಕೇಳುವ ಪ್ರಶ್ನೆ ಬೇರೆ: "ಗುಣಿಸು ಅಂತ ಬರೆದಿದ್ದೀನಲ್ಲ ಮೇಡಂ, ಹಾಲಿನ ಲೆಕ್ಕ ಅಂತಲೂ ಇದೆಯಲ್ಲ, ಅದಕ್ಕೆ ಗೊತ್ತಾಗಲ್ವಾ?"

ಆ ಪ್ರಶ್ನೆಯಲ್ಲೇ ತೊಡಕಿನ ಬೇರಿದೆ. 1986ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕ ರಾಯ್ ಪೀ, ಹೊಸಬರ ಬಗೆಬಗೆಯ ತಪ್ಪುಗಳ ಹಿಂದೆ ಒಂದೇ ಒಂದು ದೊಡ್ಡ ತಪ್ಪು ಕಲ್ಪನೆ ಇದೆ ಎಂದು ತೋರಿಸಿದರು. ಯಂತ್ರದೊಳಗೆಲ್ಲೋ ನಮ್ಮ ಉದ್ದೇಶವನ್ನು ಅರ್ಥಮಾಡಿಕೊಳ್ಳುವ ಒಂದು ಮನಸ್ಸು ಅಡಗಿದೆ ಎಂಬ ನಂಬಿಕೆಯೇ ಅದು. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕೇಳಿದರೆ ಒಪ್ಪುವುದೂ ಇಲ್ಲ. ಆದರೆ ಬರೆಯುವ ಪ್ರೋಗ್ರಾಮಿನಲ್ಲಿ ಅದು ಕಾಣಿಸುತ್ತದೆ. ವೇರಿಯಬಲ್‌ಗೆ 'ಲೀಟರ್' ಎಂಬ ಹೆಸರಿಟ್ಟರೆ ಅದರಲ್ಲಿ ಅಳತೆಯೇ ಇರುತ್ತದೆ, 'ದೊಡ್ಡದು' ಎಂದರೆ ಅತಿದೊಡ್ಡ ಸಂಖ್ಯೆ ತಾನಾಗಿಯೇ ಬಂದು ಕೂರುತ್ತದೆ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ನಂಬಿರುತ್ತೇವೆ. ಮನುಷ್ಯರ ನಡುವಿನ ಮಾತು ನಡೆಯುವುದೇ ಹಾಗೆ. ಅರ್ಧ ಹೇಳಿದರೆ ಉಳಿದರ್ಧವನ್ನು ಕೇಳುವವರು ತುಂಬಿಕೊಳ್ಳುತ್ತಾರೆ. ಬದುಕಿನಲ್ಲಿ ಹುಟ್ಟಿದಂದಿನಿಂದ ಬೆಳೆದ ಈ ಅಭ್ಯಾಸವನ್ನು ಪ್ರೋಗ್ರಾಮಿಂಗ್ ತರಗತಿಯ ಬಾಗಿಲಲ್ಲಿ ಬಿಟ್ಟು ಬಾ ಎಂದರೆ ಆಗುವ ಕೆಲಸವಲ್ಲ.

ಹಾಲಿನ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಪೈಥಾನ್ 2ರಲ್ಲಿ ಇದೇ 'ಇನ್‌ಪುಟ್' ಬೇರೆ ರೀತಿ ಕೆಲಸ ಮಾಡುತ್ತಿತ್ತು. 5 ಎಂದು ಒತ್ತಿದರೆ ಸಂಖ್ಯೆಯೇ ಸಿಗುತ್ತಿತ್ತು, 175 ಬರುತ್ತಿತ್ತು. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಪೈಥಾನ್ 2ರ ನಿರ್ವಹಣೆ ನಿಂತದ್ದು 2020ರ ಜನವರಿ 1ರಂದು. ನಡುವೆ ಹನ್ನೊಂದು ವರ್ಷ ಎರಡೂ ಜೊತೆಯಾಗಿ ಬದುಕಿದವು. ಗ್ರಂಥಾಲಯದಲ್ಲಿರುವ ಹಳೆಯ ಪುಸ್ತಕದಿಂದ ಪ್ರೋಗ್ರಾಮ್ ಇಳಿಸಿಕೊಂಡವರಿಗೆ 'ಪ್ರಿಂಟ್' ಮುಂದೆ ಆವರಣ ಚಿಹ್ನೆ ಇಲ್ಲವೆಂಬ ತಕರಾರು ಬರುತ್ತದೆ. ಅದು ಕಣ್ಣಿಗೆ ಕಾಣುವ ತಪ್ಪಾದ್ದರಿಂದ ವಾಸಿ. 7ನ್ನು 2ರಿಂದ ಭಾಗಿಸಿದರೆ ಪೈಥಾನ್ 2ರಲ್ಲಿ 3, ಪೈಥಾನ್ 3ರಲ್ಲಿ 3.5. ಇಂಥ ಮೌನ ವ್ಯತ್ಯಾಸಗಳೇ ಅಪಾಯದವು. ಪುಸ್ತಕ ತೆಗೆದ ಕೂಡಲೇ ಅದು ಯಾವ ಪೈಥಾನ್‌ನದ್ದು ಎಂದು ನೋಡುವ ಅಭ್ಯಾಸ ಒಳ್ಳೆಯದು.

ಹಾಗಾದರೆ ಯಂತ್ರದ ನಿಜವಾದ ಚಿತ್ರ ಯಾವುದು? ಬ್ರಿಟನ್‌ನ ಸಂಶೋಧಕ ಬೆನೆಡಿಕ್ಟ್ ಡು ಬೂಲೆ ಇದನ್ನು 1980ರ ದಶಕದಲ್ಲೇ ಚರ್ಚಿಸಿದ್ದಾರೆ. ಚಿಪ್, ಟ್ರಾನ್ಸಿಸ್ಟರ್‌ಗಳ ವಿವರ ಹೊಸಬರಿಗೆ ಬೇಕಿಲ್ಲ. ಆದರೆ ಈ ಭಾಷೆಯ ಮಟ್ಟದಲ್ಲಿ ಯಂತ್ರ ಒಂದೊಂದು ಸಾಲಿಗೆ ಏನು ಮಾಡುತ್ತದೆ ಎಂಬ ಸರಳ, ಸುಳ್ಳಲ್ಲದ ಒಂದು ಕಲ್ಪನಾಯಂತ್ರ ಕಲಿಯುವವರ ತಲೆಯಲ್ಲಿ ಇರಬೇಕು ಎಂಬುದು ಅವರ ವಾದದ ಸಾರ. ಪೈಥಾನ್ ಮಟ್ಟಿಗೆ ತಪ್ಪು ಚಿತ್ರ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಲಿಸ್ಟ್‌ನ ಉದಾಹರಣೆಯೇ ಸಾಕು.

'ವೇರಿಯಬಲ್ ಎಂದರೆ ಒಂದು ಡಬ್ಬಿ, ಅದರಲ್ಲಿ ಬೆಲೆ ಇಡುತ್ತೇವೆ' ಎಂದು ತರಗತಿಗಳಲ್ಲಿ ಹೇಳಿಕೊಡುತ್ತಾರೆ. ಈಗ 'ಅಂಕ' ಎಂಬ ಹೆಸರಿಗೆ 72, 65, 80 ಇರುವ ಲಿಸ್ಟ್ ಕೊಡಿ. ಮುಂದಿನ ಸಾಲಿನಲ್ಲಿ ಪ್ರತಿ = ಅಂಕ ಎಂದು ಬರೆಯಿರಿ. 'ಪ್ರತಿ'ಯ ಕೊನೆಗೆ 90 ಸೇರಿಸಿ. ಆಮೇಲೆ 'ಅಂಕ'ವನ್ನು ಮುದ್ರಿಸಿದರೆ ಅದರಲ್ಲೂ 90 ಇರುತ್ತದೆ. ಎರಡು ಡಬ್ಬಿಗಳಿದ್ದರೆ ಹೀಗಾಗುವಂತಿಲ್ಲ. ನಿಜವಾಗಿ ಅಲ್ಲಿ ಇರುವುದು ಒಂದೇ ಲಿಸ್ಟ್, ಅದಕ್ಕೆ ಎರಡು ಹೆಸರು. ಮನೆಯಲ್ಲಿ ಒಬ್ಬರೇ ವ್ಯಕ್ತಿಯನ್ನು ಮಗಳು ಅಪ್ಪ ಎಂದೂ ಸೊಸೆ ಮಾವ ಎಂದೂ ಕರೆದ ಹಾಗೆ. ಅಪ್ಪನಿಗೆ ಜ್ವರ ಬಂದರೆ ಮಾವನಿಗೂ ಬಂದಂತೆಯೇ. ಪೈಥಾನ್‌ನಲ್ಲಿ ಸಮ ಚಿಹ್ನೆ ಮಾಡುವ ಕೆಲಸ ಹೆಸರನ್ನು ವಸ್ತುವಿಗೆ ಅಂಟಿಸುವುದು ಮಾತ್ರ. ಅದು ನಕಲು ಮಾಡುವುದಿಲ್ಲ. ನಕಲು ಬೇಕಿದ್ದರೆ 'ಕಾಪಿ' ಎಂದು ಬಾಯಿಬಿಟ್ಟು ಕೇಳಬೇಕು. ಡಬ್ಬಿಯ ಪಾಠ ಸಂಖ್ಯೆಗಳ ಮಟ್ಟಿಗೆ ಸರಿಯಾದ ಉತ್ತರವನ್ನೇ ಕೊಡುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಯಾರಿಗೂ ಅನುಮಾನ ಬರುವುದಿಲ್ಲ. ಲಿಸ್ಟ್ ಬಂದ ದಿನ ಅದು ಕುಸಿಯುತ್ತದೆ, ಕುಸಿದದ್ದು ಯಾಕೆಂದು ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಅಧ್ಯಾಪಕ ಮಿತ್ರರಲ್ಲಿ ನನ್ನ ಬಲವಾದ ಕೋರಿಕೆ: ಡಬ್ಬಿಯ ಚಿತ್ರವನ್ನು ಮೊದಲ ದಿನದಿಂದಲೇ ಬಿಟ್ಟುಬಿಡಿ, ಹೆಸರಿನಿಂದ ವಸ್ತುವಿಗೆ ಒಂದು ಬಾಣ ಎಳೆಯಿರಿ.

ಎಣಿಕೆಯ ತೊಡಕು ಇದಕ್ಕಿಂತ ಸಣ್ಣದು, ಆದರೆ ಎಲ್ಲರಿಗೂ ಬರುವಂಥದ್ದು. ಹತ್ತು ಹೆಸರುಗಳ ಲಿಸ್ಟ್‌ನಲ್ಲಿ ಮೊದಲನೆಯದರ ಸ್ಥಾನ 0, ಕೊನೆಯದರದ್ದು 9. 'ರೇಂಜ್' ಎಂಬುದಕ್ಕೆ 1, 10 ಎಂದು ಕೊಟ್ಟರೆ 9ಕ್ಕೆ ನಿಲ್ಲುತ್ತದೆ. ಇದರ ಹಿಂದೆ ಯೋಚನೆಯಿದೆ. ಡಚ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ 1982ರ ಒಂದು ಟಿಪ್ಪಣಿಯಲ್ಲಿ ಸೊನ್ನೆಯಿಂದ ಎಣಿಸುವುದನ್ನು ಸಮರ್ಥಿಸಿದ್ದಾರೆ. ಆರಂಭ ಸೇರಿ ಅಂತ್ಯ ಬಿಟ್ಟರೆ, ಎರಡರ ವ್ಯತ್ಯಾಸವೇ ಒಟ್ಟು ಸಂಖ್ಯೆಯಾಗುತ್ತದೆ. ಈ ಕಾರಣವನ್ನು ಹೇಳಿಕೊಟ್ಟರೆ ಮಕ್ಕಳು ನೆನಪಿಟ್ಟುಕೊಳ್ಳುತ್ತಾರೆ.

ಇದಕ್ಕೆಲ್ಲ ಮದ್ದು ದುಬಾರಿಯದ್ದಲ್ಲ. ಒಂದು ಹಾಳೆ, ಒಂದು ಪೆನ್ಸಿಲ್. ಪ್ರೋಗ್ರಾಮಿನ ಒಂದೊಂದೇ ಸಾಲನ್ನು ಓದುತ್ತ, ಯಾವ ಹೆಸರಿನ ಬೆಲೆ ಏನಾಯಿತು ಎಂದು ಕೋಷ್ಟಕದಲ್ಲಿ ಬರೆಯುತ್ತ ಹೋಗುವುದು. 2004ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು ಏಳು ದೇಶಗಳ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ನಡೆಸಿದ ಅಧ್ಯಯನದಲ್ಲಿ, ಪ್ರೋಗ್ರಾಮ್ ಬರೆಯಲು ಬಾರದ ಅನೇಕರಿಗೆ ಬರೆದದ್ದನ್ನು ಓದಿ ಹಿಂಬಾಲಿಸಲೂ ಬಾರದು ಎಂಬುದು ಕಂಡುಬಂತು. ನಾವು ಓದಿಸುವ ಮೊದಲೇ ಬರೆಸುತ್ತಿದ್ದೇವೆ. ಫಿಲಿಪ್ ಗುವೊ 2010ರಲ್ಲಿ ರೂಪಿಸಿದ 'ಪೈಥಾನ್ ಟ್ಯೂಟರ್' ಎಂಬ ಉಚಿತ ಸಾಧನ ಈ ಕೋಷ್ಟಕವನ್ನು, ನಾನು ಹೇಳಿದ ಬಾಣಗಳ ಸಮೇತ, ಪರದೆಯ ಮೇಲೆ ಸಾಲು ಸಾಲಾಗಿ ತೋರಿಸುತ್ತದೆ. ಆದರೂ ಮೊದಲು ಕೈಯಲ್ಲಿ ಬರೆದು, ಆಮೇಲೆ ಅದರಲ್ಲಿ ತಾಳೆ ನೋಡುವುದೇ ಮೇಲು.

ಇನ್ನು ಎರಡನೆಯ ವಿಷಯ, ದೋಷಸೂಚನೆಗಳನ್ನು ಓದುವುದು.

ಹಾಲಿನ ಲೆಕ್ಕಕ್ಕೇ ಮರಳೋಣ. ಬಂದದ್ದನ್ನು ಪೂರ್ಣಾಂಕವಾಗಿಸಲು ಅಧ್ಯಾಪಕರು "ಇಂಟ್ ಹಾಕಮ್ಮ" ಎನ್ನುತ್ತಾರೆ. ಹಾಕುತ್ತಾಳೆ, 5ಕ್ಕೆ 175 ಬರುತ್ತದೆ. ಆದರೆ ಡೈರಿಗೆ ಹಾಲು ತರುವವರು ಅಳತೆ ಮಾಡಿ ಪೂರ್ಣ ಲೀಟರೇ ತರುತ್ತಾರೆಯೇ? 5.5 ಎಂದು ಒತ್ತಿದ ಕೂಡಲೇ ಪರದೆ ತುಂಬ ಕೆಂಪು ಅಕ್ಷರಗಳು. ಹೆಚ್ಚಿನ ಮಕ್ಕಳು ಇಲ್ಲಿ ಮಾಡುವ ಮೊದಲ ಕೆಲಸ ಆ ಕಿಟಕಿಯನ್ನು ಮುಚ್ಚುವುದು. ಎರಡನೆಯದು, ಪಕ್ಕದವರ ಪರದೆ ನೋಡುವುದು.

ಓದಿದ್ದರೆ ಅಲ್ಲಿ ಎಲ್ಲವೂ ಬರೆದಿತ್ತು. ಪೈಥಾನ್ ಕೊಡುವ ವರದಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತೀರಾ ಇತ್ತೀಚಿನ ಘಟನೆ ಕೊನೆಯಲ್ಲಿರುತ್ತದೆ ಎಂದು ವರದಿಯ ಮೊದಲ ಸಾಲೇ ಹೇಳುತ್ತದೆ. ಕಟ್ಟಕಡೆಯ ಸಾಲಿನಲ್ಲಿ ಮೊದಲು ದೋಷದ ಜಾತಿ: 'ವ್ಯಾಲ್ಯೂ ಎರರ್', ಅಂದರೆ ಕೊಟ್ಟ ವಸ್ತುವಿನ ಬಗೆ ಸರಿ, ಆದರೆ ಅದರಲ್ಲಿರುವ ಬೆಲೆ ಈ ಕೆಲಸಕ್ಕೆ ಆಗುವುದಿಲ್ಲ. ಆಮೇಲೆ ವಿವರ: 'ಇಂಟ್'ಗೆ ಹತ್ತರ ಆಧಾರದಲ್ಲಿ ಓದಲಾಗದ ಬರಹ. ಕೊನೆಗೆ, ಉದ್ಧರಣ ಚಿಹ್ನೆಯೊಳಗೆ, ತಪ್ಪಿತಸ್ಥ ಬೆಲೆಯೇ: '5.5'. ಅದರ ಮೇಲಿನ ಸಾಲುಗಳಲ್ಲಿ, ಇದು ನಡೆದದ್ದು ಪ್ರೋಗ್ರಾಮಿನ ಎಷ್ಟನೆಯ ಸಾಲಿನಲ್ಲಿ ಎಂಬ ಲೆಕ್ಕ. ಇಷ್ಟು ತಿಳಿದರೆ, ದಶಮಾಂಶ ಸಂಖ್ಯೆಯಾಗಿಸುವ 'ಫ್ಲೋಟ್' ಹಾಕಬೇಕು ಎಂಬುದಕ್ಕೆ ಒಂದೇ ಹೆಜ್ಜೆ. ಹಾಕಿದರೆ 192.5 ಬರುತ್ತದೆ.

ದಶಮಾಂಶದ ಮಾತು ಬಂದದ್ದರಿಂದ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಸಂಗತಿ ಹೇಳಬೇಕು. 0.1ಕ್ಕೆ 0.2 ಕೂಡಿಸಿದರೆ ಪೈಥಾನ್ 0.30000000000000004 ಎನ್ನುತ್ತದೆ. ಯಂತ್ರ ಕೆಟ್ಟಿದೆಯೆಂದು ಹೆದರುವವರಿದ್ದಾರೆ. ಎರಡರ ಆಧಾರದ ಎಣಿಕೆಯಲ್ಲಿ ಹತ್ತನೇ ಒಂದು ಭಾಗವನ್ನು ಪೂರ್ತಿಯಾಗಿ ಬರೆಯಲಾಗದು, ನಮ್ಮ ಪದ್ಧತಿಯಲ್ಲಿ ಮೂರನೇ ಒಂದು ಭಾಗ 0.333 ಎಂದು ಮುಗಿಯದೆ ಹೋಗುವ ಹಾಗೆಯೇ. ರೌಂಡ್ ಮಾಡುವಾಗಲೂ ಎಚ್ಚರ ಬೇಕು: ಪೈಥಾನ್ 3ರಲ್ಲಿ 2.5 ಹೋಗಿ 2 ಆಗುತ್ತದೆ, 3.5 ಹೋಗಿ 4 ಆಗುತ್ತದೆ. ಸರಿಯಾಗಿ ನಡುವೆ ಬಿದ್ದದ್ದನ್ನು ಸಮಸಂಖ್ಯೆಯ ಕಡೆಗೆ ತಳ್ಳುವುದು ಅದರ ನಿಯಮ. ಹಣದ ಲೆಕ್ಕಕ್ಕೆ 'ಡೆಸಿಮಲ್' ಎಂಬ ಪ್ರತ್ಯೇಕ ಏರ್ಪಾಡು ಇದೆ. ರೈತರ ಹಣದ ಲೆಕ್ಕ ಬರೆಯುವವರು ಇದನ್ನು ಮೊದಲೇ ತಿಳಿದಿರಬೇಕು.

ಮತ್ತೆ ವಿಷಯಕ್ಕೆ. ದೋಷಸೂಚನೆ ಯಾವಾಗಲೂ ಸತ್ಯ ಹೇಳುತ್ತದೆ, ಆದರೆ ಯಾವಾಗಲೂ ಸರಿಯಾದ ಜಾಗಕ್ಕೆ ಬೆರಳು ತೋರಿಸುವುದಿಲ್ಲ. ಆವರಣ ಚಿಹ್ನೆ ತೆರೆದು ಮುಚ್ಚದೆ ಬಿಟ್ಟರೆ ಹಳೆಯ ಪೈಥಾನ್ ಮುಂದಿನ ಸಾಲಿನ ಮೇಲೆ ತಪ್ಪು ಹೊರಿಸುತ್ತಿತ್ತು. ಏನೂ ತಪ್ಪಿಲ್ಲದ ಸಾಲನ್ನು ನೋಡುತ್ತ ಹೊಸಬರು ಗಂಟೆ ಕಳೆಯುತ್ತಿದ್ದರು. 2021ರ ಅಕ್ಟೋಬರ್‌ನಲ್ಲಿ ಬಂದ 3.10ನೇ ಆವೃತ್ತಿ ಈ ಕಷ್ಟವನ್ನು ಬಹಳ ಮಟ್ಟಿಗೆ ನೀಗಿತು. ಆವರಣ ಮುಚ್ಚಿಲ್ಲ ಎಂದೇ ಹೇಳುತ್ತದೆ, ಇಲ್ಲಿ ಕೋಲನ್ ಬೇಕಿತ್ತು ಎನ್ನುತ್ತದೆ, ಹೆಸರಿನಲ್ಲಿ ಕಾಗುಣಿತ ತಪ್ಪಿದರೆ ಇದೇ ಇರಬಹುದೇ ಎಂದು ಹತ್ತಿರದ ಹೆಸರು ಸೂಚಿಸುತ್ತದೆ. ಮರುವರ್ಷದ 3.11 ಸಾಲಿನೊಳಗೆ ಯಾವ ಭಾಗದಲ್ಲಿ ಎಡವಟ್ಟಾಯಿತು ಎಂದು ಗುರುತು ಹಾಕಿತು. ಲ್ಯಾಬಿನಲ್ಲಿ ಇನ್ನೂ ಹಳೆಯ ಆವೃತ್ತಿ ಇದ್ದರೆ ದಯವಿಟ್ಟು ಬದಲಿಸಿ. ಹೊಸಬರಿಗೆ ಇದಕ್ಕಿಂತ ಅಗ್ಗದ ಉಪಕಾರ ಇನ್ನೊಂದಿಲ್ಲ.

ಬರೆದದ್ದು ಸರಿಯಿದ್ದರೂ ಓಡದಿರುವ ಸಂದರ್ಭಗಳು ಕೆಲವಿವೆ, ಅವನ್ನು ಬೇಗ ದಾಟುತ್ತೇನೆ. ವಾಟ್ಸ್ಆ್ಯಪ್‌ನಲ್ಲೋ ವರ್ಡ್ ಕಡತದಲ್ಲೋ ಬಂದ ಪ್ರೋಗ್ರಾಮನ್ನು ಅಂಟಿಸಿದರೆ ನೆಟ್ಟಗಿನ ಉದ್ಧರಣ ಚಿಹ್ನೆಗಳ ಜಾಗದಲ್ಲಿ ಬಾಗಿದ ಚಿಹ್ನೆಗಳು ಬಂದಿರಬಹುದು. ಕಣ್ಣಿಗೆ ಎರಡೂ ಒಂದೇ, ಪೈಥಾನ್‌ಗೆ ಬೇರೆ. ಒಂದು ಸಾಲಿಗೆ ಟ್ಯಾಬ್, ಇನ್ನೊಂದಕ್ಕೆ ಸ್ಪೇಸ್ ಒತ್ತಿ ಒಳಸರಿಸಿದರೂ ತಕರಾರು; ಎಲ್ಲೆಡೆ ನಾಲ್ಕು ಸ್ಪೇಸ್ ಎಂಬುದು ಒಪ್ಪಿತ ರೂಢಿ. 'ರ‍್ಯಾಂಡಮ್' ಎಂಬ ಸಿದ್ಧ ಮಾಡ್ಯೂಲ್ ಅಭ್ಯಾಸ ಮಾಡುವವರು ತಮ್ಮ ಕಡತಕ್ಕೂ ಅದೇ ಹೆಸರಿಟ್ಟರೆ, ಪೈಥಾನ್ ಆ ಮಾಡ್ಯೂಲಿನ ಬದಲು ಅವರ ಕಡತವನ್ನೇ ಎಳೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಸ್ಥಾಪಿಸುವಾಗ 'ಪಾತ್'ಗೆ ಸೇರಿಸು ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ಮೊದಲ ದಿನವೇ ಪೈಥಾನ್ ಸಿಗುತ್ತಿಲ್ಲ ಎಂಬ ಉತ್ತರ ಬರಬಹುದು. ಇವು ಬುದ್ಧಿಗೆ ಸಂಬಂಧಿಸಿದವಲ್ಲ, ಆದರೆ ಮನೆಯಲ್ಲಿ ಒಬ್ಬರೇ ಕಲಿಯುವವರನ್ನು ಓಡಿಸಿಬಿಡುವುದು ಇವೇ.

ಇಂಗ್ಲಿಷಿನ ಪ್ರಶ್ನೆಯನ್ನು ಇಲ್ಲಿಯೇ ಎತ್ತಿಕೊಳ್ಳುತ್ತೇನೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಪೈಥಾನ್‌ನ ಇಂಗ್ಲಿಷ್ ಪದಗಳೇ ಕಷ್ಟ ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಭಾಷೆಯಲ್ಲಿ ಕಾಯ್ದಿಟ್ಟ ಪದಗಳಿರುವುದು 35 ಮಾತ್ರ, ವಾರದಲ್ಲಿ ಕೈಗೆ ಹತ್ತುತ್ತವೆ. ಕಷ್ಟವಿರುವುದು ದೋಷಸೂಚನೆಯ ವಾಕ್ಯಗಳಲ್ಲಿ. ಅವು ಚಿಕ್ಕವು, ಬಿಗಿಯಾದವು, ಪಾರಿಭಾಷಿಕ ಪದಗಳಿಂದ ತುಂಬಿದವು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೂ ಮೊದಲ ಓದಿಗೆ ದಕ್ಕುವುದಿಲ್ಲ. ಹೊಸಬರಿಗೆ ಮೊದಲ ವರ್ಷದಲ್ಲಿ ಮತ್ತೆ ಮತ್ತೆ ಎದುರಾಗುವ ಸೂಚನೆಗಳ ಬಗೆಗಳು ಕೈಬೆರಳಲ್ಲಿ ಎಣಿಸುವಷ್ಟೇ ಇವೆ. ಸಿಂಟ್ಯಾಕ್ಸ್, ಇಂಡೆಂಟೇಶನ್, ನೇಮ್, ಟೈಪ್, ವ್ಯಾಲ್ಯೂ, ಇಂಡೆಕ್ಸ್, ಕೀ, ಆ್ಯಟ್ರಿಬ್ಯೂಟ್ ಹೀಗೆ. ಇವನ್ನು ಒಂದೊಂದಾಗಿ ಬೇಕೆಂದೇ ತರಿಸಿ, ಕನ್ನಡದಲ್ಲಿ ಬಿಡಿಸಿ ಹೇಳುವುದಕ್ಕೆ ಎರಡು ತರಗತಿ ಸಾಕು. ಆ ಎರಡು ತರಗತಿಗಳನ್ನು ನಮ್ಮ ಪಾಠಪಟ್ಟಿಗಳು ಕೊಡುವುದಿಲ್ಲ.

ಈಗ ಮೂರನೆಯ ಹಾಗೂ ನನಗೆ ಅತಿ ಹತ್ತಿರದ ವಿಷಯ: ಪೈಥಾನ್ ಮತ್ತು ಕನ್ನಡ ಪಠ್ಯ.

ಸ್ವಲ್ಪ ಕಲಿತ ಕೂಡಲೇ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಏನಾದರೂ ಮಾಡಬೇಕೆನ್ನಿಸುತ್ತದೆ. ಅದು ಸಹಜ, ಸಂತೋಷದ ಸಂಗತಿ. ಪೈಥಾನ್ 3ರಲ್ಲಿ ಸ್ಟ್ರಿಂಗ್‌ಗಳೆಲ್ಲ ಯೂನಿಕೋಡ್, ವೇರಿಯಬಲ್‌ಗಳ ಹೆಸರೂ ಕನ್ನಡದಲ್ಲಿರಬಹುದು. ನಾನು ಮೇಲೆ ಹೇಳಿದ 'ಹಣ', 'ಅಂಕ', 'ಪ್ರತಿ' ಯಾವ ತಕರಾರೂ ಇಲ್ಲದೆ ನಡೆಯುತ್ತವೆ. ಆದರೆ ಇಲ್ಲಿ ಪಠ್ಯಪುಸ್ತಕಗಳು ಹೇಳದ ತೊಡಕುಗಳು ಕಾದಿವೆ.

'ಮೈಸೂರು' ಎಂಬ ಪದದ ಉದ್ದ ಎಷ್ಟೆಂದು 'ಲೆನ್' ಬಳಸಿ ಕೇಳಿ. ನಾವು ಎಣಿಸಿದರೆ ಮೂರಕ್ಷರ. ಪೈಥಾನ್ 6 ಎನ್ನುತ್ತದೆ. ಯೂನಿಕೋಡ್‌ನಲ್ಲಿ ಮ, ಐತ್ವ, ಸ, ಊತ್ವ, ರ, ಉತ್ವ ಎಲ್ಲವೂ ಬಿಡಿಬಿಡಿ ಸಂಕೇತಗಳು. ಪೈಥಾನ್ ಎಣಿಸುವುದು ಸಂಕೇತಗಳನ್ನು. ಪದವನ್ನು ತಿರುಗಿಸಿ ಬರೆಯುವ ಪ್ರೋಗ್ರಾಮ್ ಎಲ್ಲ ಲ್ಯಾಬ್‌ಗಳಲ್ಲೂ ಇದೆಯಲ್ಲ, ಅದಕ್ಕೆ 'ಕನ್ನಡ' ಎಂದು ಕೊಟ್ಟರೆ 'ಡನ್ನಕ' ಎಂದು ಚೆನ್ನಾಗಿಯೇ ಬರುತ್ತದೆ. ಕ, ನ, ಒತ್ತಕ್ಷರಕ್ಕೆ ಕಾರಣವಾಗುವ ವಿರಾಮ ಚಿಹ್ನೆ (್), ನ, ಡ. ಹಿಂದುಮುಂದಾದರೂ ವಿರಾಮ ಎರಡು ನಕಾರಗಳ ನಡುವೆಯೇ ಉಳಿಯುತ್ತದೆ, ಆಕಸ್ಮಿಕವಾಗಿ ಸರಿಹೊಂದುತ್ತದೆ. ಪ್ರೋಗ್ರಾಮ್ ಸರಿಯಿದೆಯೆಂದು ವಿದ್ಯಾರ್ಥಿ ನಂಬುತ್ತಾನೆ. 'ಮೈಸೂರು' ಕೊಟ್ಟಾಗ ಮೊದಲಿಗೆ ಆಸರೆಯಿಲ್ಲದ ಒಂದು ಉತ್ವ ಚಿಹ್ನೆ, ಅದರ ಹಿಂದೆ 'ರೂಸೈಮ' ಬರುತ್ತದೆ. ಸ್ವರಚಿಹ್ನೆಗಳೆಲ್ಲ ಪಕ್ಕದ ವ್ಯಂಜನಕ್ಕೆ ಹೋಗಿ ಅಂಟಿಕೊಂಡಿರುತ್ತವೆ. ಒಂದು ಪದಕ್ಕೆ ಸರಿಬಂದದ್ದು ಎಲ್ಲಕ್ಕೂ ಸರಿಯಲ್ಲ ಎಂಬ ಪಾಠವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅಕಾರಾದಿ ಜೋಡಣೆಗೆ ಬನ್ನಿ. ಊರುಗಳ ಪಟ್ಟಿಯನ್ನು 'ಸಾರ್ಟ್' ಮಾಡಿಸಿದರೆ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುತ್ತದೆ, ಆದ್ದರಿಂದ ನಿಘಂಟಿನ ಕ್ರಮದಲ್ಲಿ ಬಸವಕಲ್ಯಾಣವೇ ಮುಂದಿರಬೇಕು. ಪೈಥಾನ್ ಜೋಡಿಸುವುದು ಸಂಕೇತಗಳ ಕ್ರಮಸಂಖ್ಯೆಯಂತೆ. ಯೂನಿಕೋಡ್‌ನಲ್ಲಿ ಳಕಾರ ಕುಳಿತಿರುವುದು ಲಕಾರದ ಪಕ್ಕದಲ್ಲಿ. ಯಾಕೆಂದರೆ ಭಾರತೀಯ ಲಿಪಿಗಳ ವಿನ್ಯಾಸವನ್ನು ಯೂನಿಕೋಡ್ 1988ರ ಇಸ್ಕಿ ಮಾನಕದಿಂದ ಪಡೆಯಿತು. ಅಲ್ಲಿ ಎಲ್ಲ ಲಿಪಿಗಳಿಗೂ ಸಮಾನ ಸ್ಥಾನಗಳ ಒಂದೇ ಚೌಕಟ್ಟು. ಶಬ್ದಕೋಶ, ಮತದಾರರ ಪಟ್ಟಿ, ಗ್ರಂಥಸೂಚಿಯಂಥ ಕೆಲಸ ಮಾಡುವವರು ಜೋಡಣೆಯ ಕ್ರಮವನ್ನು ತಾವೇ ಹೇಳಿಕೊಡಬೇಕು.

ಕಡತ ತೆರೆಯುವಾಗಿನ ತೊಡಕು ಇನ್ನೂ ವಿಚಿತ್ರವಾದದ್ದು. ಕನ್ನಡ ಪಠ್ಯದ ಒಂದು ಕಡತವನ್ನು ವಿಂಡೋಸ್‌ನಲ್ಲಿ, ಸಂಕೇತ ಪದ್ಧತಿ ಯಾವುದೆಂದು ತಿಳಿಸದೆ ತೆರೆದರೆ, ಇಂಗ್ಲಿಷ್ ವ್ಯವಸ್ಥೆಯ ಯಂತ್ರಗಳಲ್ಲಿ ಪೈಥಾನ್ ಅದನ್ನು 1252 ಎಂಬ ಪಾಶ್ಚಾತ್ಯ ಪದ್ಧತಿಯಲ್ಲಿ ಓದಲು ಹೊರಡುವುದು ಸಾಮಾನ್ಯ. ಕಡತದಲ್ಲಿ 'ಮನೆ' ಎಂದಷ್ಟೇ ಇದ್ದರೆ ಅರ್ಥವಿಲ್ಲದ ಲ್ಯಾಟಿನ್ ಗುರುತುಗಳು ಬರುತ್ತವೆ, ಪ್ರೋಗ್ರಾಮ್ ನಿಲ್ಲುವುದಿಲ್ಲ. 'ಕನ್ನಡ' ಎಂದಿದ್ದರೆ ದೋಷಸೂಚನೆ ಕೊಟ್ಟು ನಿಂತೇಬಿಡುತ್ತದೆ. ಕಾರಣ ಒತ್ತಕ್ಷರ! ವಿರಾಮ ಚಿಹ್ನೆಯನ್ನು ಯುಟಿಎಫ್-8 ಪದ್ಧತಿಯಲ್ಲಿ 224, 179, 141 ಎಂಬ ಮೂರು ಬೈಟ್‌ಗಳಾಗಿ ಬರೆಯುತ್ತಾರೆ. 1252ರಲ್ಲಿ 141ನೇ ಜಾಗ ಖಾಲಿ. ಉತ್ವದ ಕೊನೆಯ ಬೈಟ್ 129, ಅದೂ ಖಾಲಿ. ಹಾಗಾಗಿ ಒತ್ತಕ್ಷರವೋ ಉತ್ವವೋ ಬಂದಲ್ಲಿ ಓದು ಮುರಿಯುತ್ತದೆ. ಒಂದು ಕಡತ ತೆರೆಯುತ್ತದೆ, ಇನ್ನೊಂದು ತೆರೆಯುವುದಿಲ್ಲ ಎಂದು ತಲೆ ಚಚ್ಚಿಕೊಳ್ಳುವವರಿಗೆ ಇದು ಗೊತ್ತಿದ್ದರೆ ಎಷ್ಟು ಸಮಾಧಾನ. ಕಡತ ತೆರೆಯುವ 'ಓಪನ್'ಗೆ ಯುಟಿಎಫ್-8 ಎಂದು ಪ್ರತಿಸಲ ಬರೆದು ತಿಳಿಸಿದರೆ ಈ ಕಷ್ಟವೇ ಇಲ್ಲ.

ಯುಟಿಎಫ್-8 ಹೇಳಿದರೂ ಬಗೆಹರಿಯದ ಕಡತಗಳು ನಮ್ಮ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ರಾಶಿ ಬಿದ್ದಿವೆ. ಯೂನಿಕೋಡ್‌ಗೆ ಹಿಂದಿನ ನುಡಿ, ಬರಹ ಫಾಂಟ್‌ಗಳಲ್ಲಿ ಬೆರಳಚ್ಚಾದವು. ಅವುಗಳ ಒಳಗಿರುವುದು ಲ್ಯಾಟಿನ್ ಸಂಕೇತಗಳೇ; ಕನ್ನಡದ ರೂಪ ಕೊಡುತ್ತಿದ್ದುದು ಫಾಂಟ್. ಪೈಥಾನ್ ಫಾಂಟ್ ನೋಡುವುದಿಲ್ಲ. ಇವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಲೇಬೇಕು.

ಇನ್ನೊಂದು ಸೂಕ್ಷ್ಮವಿದೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ವಕಾರ ಒತ್ತಾಗದಿರಲೆಂದು ನಾವು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಒತ್ತುತ್ತೇವೆ. ಅದು ವೇರಿಯಬಲ್‌ನ ಹೆಸರಿನಲ್ಲಿ ಬಂದರೆ ಪೈಥಾನ್ ಒಪ್ಪುವುದಿಲ್ಲ. ಸ್ಟ್ರಿಂಗ್‌ನೊಳಗೆ ಒಪ್ಪುತ್ತದೆ, ಆದರೆ ಹೋಲಿಸುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬೆರಳಚ್ಚಿನಲ್ಲಿ ಪದದ ಕೊನೆಗೆ ಈ ಸಂಕೇತ ಉಳಿದುಬಿಟ್ಟರೆ, ಪರದೆಯ ಮೇಲೆ ಒಂದೇ ರೀತಿ ಕಾಣುವ ಎರಡು ಹೆಸರುಗಳು ಬೇರೆಬೇರೆ ಎಂಬ ಉತ್ತರ ಬರುತ್ತದೆ. ಕನ್ನಡ ಅಂಕಿಗಳ ವಿಷಯದಲ್ಲಿ ಮಾತ್ರ ಒಂದು ಸಂತೋಷದ ಸುದ್ದಿ: ಕೀಲಿಮಣೆಯಿಂದ ೨೫ ಎಂದು ಕೊಟ್ಟು 'ಇಂಟ್' ಹಾಕಿದರೆ ಪೈಥಾನ್ ಅದನ್ನು 25 ಎಂದೇ ತಿಳಿಯುತ್ತದೆ. ಪ್ರೋಗ್ರಾಮಿನೊಳಗೆ ನೇರವಾಗಿ ೨೫ ಎಂದು ಬರೆದರೆ ಒಪ್ಪುವುದಿಲ್ಲ.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಬೇರೆ ಕಷ್ಟಗಳಿಗೆ ಇಂಗ್ಲಿಷಿನಲ್ಲಿ ಹುಡುಕಿದರೆ ಉತ್ತರ ಸಿಕ್ಕೀತು. ಈ ಕಷ್ಟಗಳಿಗೆ ಉತ್ತರ ಬರೆಯಬೇಕಾದವರು ನಾವೇ.

ಕೊನೆಯದಾಗಿ, ನಮ್ಮ ಲ್ಯಾಬುಗಳ ಬಗ್ಗೆ. ಲ್ಯಾಬ್ ರೆಕಾರ್ಡಿನಲ್ಲಿ ಪ್ರೋಗ್ರಾಮನ್ನು ಅಂದವಾಗಿ ಬರೆದು, ಬಂದ ಫಲಿತಾಂಶವನ್ನು ಪಕ್ಕದಲ್ಲಿ ನಕಲು ಮಾಡಿ, ಸಹಿ ಹಾಕಿಸಿಕೊಳ್ಳುವುದು ನಡೆದುಬಂದ ಪದ್ಧತಿ. ರೆಕಾರ್ಡಿನಲ್ಲಿ ಕೊನೆಗೆ ಸರಿಬಂದ ಪ್ರೋಗ್ರಾಮ್ ಮಾತ್ರ ಇರುತ್ತದೆ. ಅಲ್ಲಿಗೆ ತಲುಪಲು ಬಿದ್ದ ಪೆಟ್ಟು, ಬಂದ ಸೂಚನೆ, ತಿದ್ದಿದ ಸಾಲು ಯಾವುದಕ್ಕೂ ಜಾಗವಿಲ್ಲ. ಕಲಿಕೆ ನಡೆಯುವುದು ಆ ಜಾಗವಿಲ್ಲದ ಭಾಗದಲ್ಲಿ. ಎಡಪುಟದಲ್ಲಿ ಬಂದ ದೋಷ, ಅದರ ಅರ್ಥ ಕನ್ನಡದಲ್ಲಿ, ಮಾಡಿದ ತಿದ್ದುಪಡಿ, ಇಷ್ಟನ್ನು ಬರೆಯಿಸಿ ಅದಕ್ಕೂ ಅಂಕ ಕೊಡಬಹುದು. ವೀಡಿಯೊ ನೋಡಿ ಕಲಿಯುವವರ ಕಷ್ಟವೂ ಇದೇ ಜಾತಿಯದು: ನೋಡುವಾಗ ಎಲ್ಲ ತಿಳಿಯುತ್ತದೆ, ಖಾಲಿ ಪರದೆಯ ಮುಂದೆ ಕೂತಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಈಗ ಕೇಳಿದ್ದನ್ನೆಲ್ಲ ಬರೆದುಕೊಡುವ ಎಐ ಸಹಾಯಕಗಳೂ ಕೈಯಲ್ಲಿವೆ. ಅವನ್ನು ನಿಷೇಧಿಸಿ ಎಂದು ನಾನು ಹೇಳಲಾರೆ. ಮೊದಲ ಆರು ತಿಂಗಳು ಅವುಗಳಿಂದ ಪ್ರೋಗ್ರಾಮ್ ಬರೆಸಬೇಡಿ, ನೀವು ಬರೆದದ್ದಕ್ಕೆ ಬಂದ ದೋಷಸೂಚನೆಯ ಅರ್ಥವನ್ನು ಕನ್ನಡದಲ್ಲಿ ಕೇಳಿ, ಉತ್ತರವನ್ನು ಓಡಿಸಿ ಪರೀಕ್ಷಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಈ ಸಂಸ್ಥೆಯಲ್ಲಿ ಕನ್ನಡ ವಿಭಾಗವೂ ಇದೆ, ಕಂಪ್ಯೂಟರ್ ವಿಭಾಗವೂ ಇದೆ. ಎರಡೂ ವಿಭಾಗದವರು ಜೊತೆಗೂಡಿ, ಹೊಸಬರಿಗೆ ಎದುರಾಗುವ ದೋಷಸೂಚನೆಗಳಿಗೆ ಉದಾಹರಣೆ ಸಹಿತ ಒಂದು ಕನ್ನಡ ಕೈಪಿಡಿ ಸಿದ್ಧಪಡಿಸಬೇಕೆಂದು ಕೋರುತ್ತೇನೆ. ನಾನು ಇಲ್ಲಿ ಹೇಳಿದ ಅಕ್ಷರ ಎಣಿಕೆ, ಅಕಾರಾದಿ, ಕಡತದ ತೊಡಕುಗಳು ಅದರ ಎರಡನೆಯ ಭಾಗವಾಗಲಿ. ಹಿರಿಯ ವಿದ್ಯಾರ್ಥಿಗಳು ತಲಾ ಒಂದು ಸೂಚನೆಯನ್ನು ವಹಿಸಿಕೊಂಡರೆ ಒಂದು ಸೆಮಿಸ್ಟರ್‌ನಲ್ಲಿ ಕರಡು ಮುಗಿಯುತ್ತದೆ. ಅದನ್ನು ತಿದ್ದಿಕೊಡುವ ಕೆಲಸಕ್ಕೆ ನಾನೂ ಬರುತ್ತೇನೆ.